45ಕ್ಕೆ ನೌಕರಿ ಬಿಟ್ಟು ದೇಶ ಸುತ್ತಬೇಕು, ಒಂದು ಕೋಟಿ ಸಾಕೇ?

ಪ್ರಶ್ನೆ: ನನಗೆ 38 ವರ್ಷ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್, 24ನೇ ವಯಸ್ಸಿಗೆ ಸೇರಿದವನು. ಕೈಗೆ 92,000 ಬರುತ್ತದೆ. ಮನೆ ಕಲಬುರಗಿಯಲ್ಲಿ, ದಿನಾ ಅಪ್-ಡೌನ್. ಹೆಂಡತಿಗೆ 35, ಇಲ್ಲೇ ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 22,000. ಮಗಳು ನಾಲ್ಕನೇ ಕ್ಲಾಸು, ಬರುವ ಜುಲೈಗೆ ಹತ್ತು ತುಂಬುತ್ತದೆ. ಮಗನಿಗೆ ನಾಲ್ಕು. 66ರ ಅವ್ವ ನಮ್ಮ ಜೊತೆಗಿದ್ದಾಳೆ, ಶುಗರ್ ಇದೆ, ಮೊಣಕಾಲು ನೋವು. ತಿಂಗಳ ಖರ್ಚು ಹೀಗಿದೆ: ಮನೆಗೆ 34,000, ಮನೆ ಸಾಲದ ಕಂತು 21,500 (ಇನ್ನೂ 13 ವರ್ಷ), ಶಾಲೆ ಫೀಸು ಸರಾಸರಿ 9,000, ಹಬ್ಬ, ಮದುವೆ, ಊರಿನ ವ್ಯವಹಾರಕ್ಕೆ 8,000. ಮ್ಯೂಚುವಲ್ ಫಂಡಿಗೆ ತಿಂಗಳ ಕಂತು, ಅಂದರೆ ಎಸ್‌ಐಪಿ, 25,000. ಪಿಎಫ್‌ನಲ್ಲಿ 13 ಲಕ್ಷ, ಎಫ್‌ಡಿ ಮತ್ತು ಮ್ಯೂಚುವಲ್ ಫಂಡ್ ಸೇರಿ 9 ಲಕ್ಷ ಇದೆ. ಚಿತ್ತಾಪುರ ತಾಲ್ಲೂಕಿನಲ್ಲಿ ನನ್ನ ಪಾಲಿನ 4 ಎಕರೆ ಒಣಬೇಸಾಯದ ಹೊಲ. 45ಕ್ಕೆ ನೌಕರಿ ಬಿಟ್ಟು ಹೆಂಡತಿ ಮಕ್ಕಳ ಜೊತೆ ದೇಶ ಸುತ್ತಬೇಕು, ನಡುವೆ ಹೊಲ ನೋಡಿಕೊಳ್ಳಬೇಕು ಅಂತ ಆಸೆ. ಅದಕ್ಕೇ ಈಗ ಎಲ್ಲೂ ಹೋಗದೆ ಉಳಿಸುತ್ತಿದ್ದೇವೆ. ಒಂದು ಕೋಟಿ ಕೂಡಿಸಿದರೆ ಸಾಕೇ?

ಉತ್ತರ: ಕೋಟಿಯ ಮಾತು ಆಮೇಲೆ. ಮೊದಲು ಜುಲೈ ಮಾತು. ಮಗಳಿಗೆ ಹತ್ತು ತುಂಬುವ ಮೊದಲು ಅವಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಹತ್ತು ತುಂಬಿದ ಮಾರನೇ ದಿನ ಹೋದರೆ ತೆರೆಯಲು ಬರುವುದಿಲ್ಲ. ಜನ್ಮ ಪ್ರಮಾಣಪತ್ರ, ನಿಮ್ಮ ಆಧಾರ್, ಪ್ಯಾನ್ ತೆಗೆದುಕೊಂಡು ಹೋದರೆ ಪೋಸ್ಟ್ ಆಫೀಸಿನಲ್ಲಿ 250 ರೂಪಾಯಿಗೂ ತೆರೆಯುತ್ತಾರೆ. ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಬಡ್ಡಿ 2024ರ ಜನವರಿಯಿಂದ 8.2, ತೆರಿಗೆ ಇಲ್ಲ. ತಿಂಗಳಿಗೆ 5,000 ಕಟ್ಟುತ್ತಾ ಹೋದರೆ, ಬಡ್ಡಿ ಇಷ್ಟೇ ಉಳಿದರೆ, ಅವಳಿಗೆ 18 ಆಗುವ ಹೊತ್ತಿಗೆ ಆರೂಮುಕ್ಕಾಲು ಲಕ್ಷದ ಆಸುಪಾಸು ಇರುತ್ತದೆ. ಅದರಲ್ಲಿ ಅರ್ಧ ಕಾಲೇಜಿಗೆಂದು ತೆಗೆಯಬಹುದು, ಉಳಿದದ್ದು ಬೆಳೆಯುತ್ತಿರುತ್ತದೆ. ಖಾತೆ ತೆರೆದ ದಿನದಿಂದ 21 ವರ್ಷಕ್ಕೆ ಪೂರ್ತಿ ಕೈಗೆ ಬರುತ್ತದೆ. ನಿಮ್ಮ ಪತ್ರದಲ್ಲಿ ಇದರ ಸುಳಿವೇ ಇರಲಿಲ್ಲ, ಅದಕ್ಕೇ ಉತ್ತರವನ್ನು ಇಲ್ಲಿಂದ ಶುರು ಮಾಡಿದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಬರೆದ ಅಂಕಿಗಳನ್ನೆಲ್ಲ ಕೂಡಿಸಿದೆ. ಖರ್ಚು ಮತ್ತು ಎಸ್‌ಐಪಿ ಸೇರಿ 97,500 ಆಯಿತು. ಮನೆಗೆ ಬರುವುದು 1,14,000. ತಿಂಗಳಿಗೆ ಹದಿನಾರೂವರೆ ಸಾವಿರ ಎಲ್ಲಿ ಹೋಯಿತು? ತಪ್ಪು ಹುಡುಕಲಿಕ್ಕೆ ಕೇಳುತ್ತಿಲ್ಲ. ನನ್ನ ಬಳಿ ಬರುವ ಹತ್ತು ಮನೆಗಳಲ್ಲಿ ಎಂಟರ ಕಥೆ ಇದೇ. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಅಷ್ಟು, ಫೋನಿನಲ್ಲಿ ತರಿಸಿದ್ದು ಇಷ್ಟು, ಗೆಳೆಯನಿಗೆ ಕೊಟ್ಟ ಕೈಸಾಲ ಒಂದಿಷ್ಟು. ಮೂರು ತಿಂಗಳು ಗಂಡ ಹೆಂಡತಿ ಇಬ್ಬರೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ್ಯಪ್ ಬೇಡ, ಆ್ಯಪಿನಲ್ಲಿ ಬರೆದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ಈ ಸೋರಿಕೆಯಲ್ಲಿ 15,000 ಹಿಡಿಯಲು ಸಾಧ್ಯ ಎಂದುಕೊಂಡೇ ಮುಂದಿನ ಲೆಕ್ಕ ಹಾಕುತ್ತೇನೆ.

45ಕ್ಕೆ ಏಳು ವರ್ಷ ಉಳಿದಿದೆ. ಪಿಎಫ್‌ನ 13 ಲಕ್ಷ ಈಗಿನ 8.25 ಬಡ್ಡಿಯಲ್ಲಿ, ಕಂಪನಿಯ ಪಾಲೂ ಸೇರಿ ತಿಂಗಳಿಗೆ ಒಂಬತ್ತೂವರೆ ಸಾವಿರ ಬೀಳುತ್ತಿದೆ ಎಂದು ಹಿಡಿದರೆ, ಸುಮಾರು 33 ಲಕ್ಷವಾಗುತ್ತದೆ. ಇತರ 9 ಲಕ್ಷ ಹದಿನೈದು ದಾಟುತ್ತದೆ. ಎಸ್‌ಐಪಿಯನ್ನು ಸೋರಿಕೆಯ ದುಡ್ಡೂ ಸೇರಿಸಿ 40,000ಕ್ಕೆ ಏರಿಸಿ, ಶೇಕಡಾ 10 ಬೆಳವಣಿಗೆ ಹಿಡಿದರೆ 48 ಲಕ್ಷ. ಎಲ್ಲ ಸೇರಿ 96, 97 ಲಕ್ಷ. ಅಂದರೆ ನೀವು ಹೇಳಿದ ಒಂದು ಕೋಟಿ ನಿಜಕ್ಕೂ ಬರುತ್ತದೆ. ಅಂದಾಜು ನೀವು ಚೆನ್ನಾಗಿಯೇ ಹಾಕಿದ್ದೀರಿ. ಆದರೆ ಆ ಕೋಟಿ ಎಷ್ಟು ದಿನದ ಊಟ ಅನ್ನುವ ಪ್ರಶ್ನೆ ಉಳಿಯಿತು.

ಸಾಲದ ಕಂತು, ಶಾಲೆ ಫೀಸು, ಉಳಿತಾಯ ಎಲ್ಲ ತೆಗೆದುಹಾಕಿ ನೋಡಿ. ಮನೆಗೆ 34,000, ಊರು-ಮದುವೆಗೆ 8,000, ಆರೋಗ್ಯ ವಿಮೆ, ಮನೆ ರಿಪೇರಿ, ನೀವು ಕನಸು ಕಾಣುವ ತಿರುಗಾಟ ಇಷ್ಟಕ್ಕೂ ಕೂಡಿ 13,000. ಒಟ್ಟು ಇವತ್ತಿನ 55,000. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಏಳು ವರ್ಷದ ಮೇಲೆ ಇದೇ ಬದುಕಿಗೆ ತಿಂಗಳಿಗೆ ಸುಮಾರು 83,000 ಬೇಕು, ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ. ನಿವೃತ್ತಿಯ ಬಗ್ಗೆ ಓದಿದವರು 'ವರ್ಷದ ಖರ್ಚಿನ 25 ಪಟ್ಟು ಕೂಡಿಸಿಟ್ಟರೆ ಸಾಕು' ಎಂಬ ಸೂತ್ರ ಕೇಳಿರುತ್ತೀರಿ. ಅದರ ಮೂಲ 1994ರಲ್ಲಿ ಅಮೆರಿಕದ ಸಲಹೆಗಾರ ವಿಲಿಯಂ ಬೆಂಗನ್ ಮಾಡಿದ ಲೆಕ್ಕ: ಅಮೆರಿಕದ ಶೇರು, ಅಮೆರಿಕದ ಬಾಂಡು, ಅಮೆರಿಕದ ಬೆಲೆ ಏರಿಕೆ, 30 ವರ್ಷದ ಅವಧಿ. 45ಕ್ಕೆ ಕೈ ಬಿಟ್ಟವರಿಗೆ 30 ಅಲ್ಲ, 40 ವರ್ಷ ದಾಟಿಸಬೇಕು. ಬೆಲೆಯೂ ನಮ್ಮಲ್ಲಿ ಅಲ್ಲಿಗಿಂತ ಜೋರಾಗಿ ಏರುತ್ತದೆ. ನಾನು 33 ಪಟ್ಟಿಗಿಂತ ಕಡಿಮೆ ಹೇಳುವುದಿಲ್ಲ. ಅಂದರೆ ಮೂರು ಕಾಲು ಕೋಟಿಗೂ ಮೇಲೆ. ಇದರಲ್ಲಿ ಮಕ್ಕಳ ಕಾಲೇಜು ಇಲ್ಲ, ಆಗಿನ್ನೂ ಆರು ವರ್ಷ ಬಾಕಿ ಇರುವ ಮನೆ ಸಾಲವೂ ಇಲ್ಲ.

ಇದನ್ನೇ ತಿರುಗಿಸಿ ಹೇಳಿದರೆ, ಆ ಒಂದು ಕೋಟಿಯಿಂದ ನೀವು ಧೈರ್ಯವಾಗಿ ತೆಗೆಯಬಹುದಾದದ್ದು ತಿಂಗಳಿಗೆ 25,000. ಇವತ್ತಿನ ಲೆಕ್ಕದಲ್ಲಿ ಅದು 17,000ಕ್ಕಿಂತ ಕಡಿಮೆ, ಈಗ ನಿಮ್ಮ ಮನೆಗೆ ಹೋಗುವ 34,000ದ ಅರ್ಧವೂ ಅಲ್ಲ. ಸಾಕೇ ಎಂದು ಕೇಳಿದಿರಿ, ಸಾಲದು. ಅರ್ಧಕ್ಕೂ ಸಾಲದು.

ಆದರೆ ನನಗೆ ದುಡ್ಡಿಗಿಂತ ದೊಡ್ಡ ತೊಡಕಾಗಿ ಕಂಡದ್ದು ಮಕ್ಕಳ ವಯಸ್ಸು. ನಿಮಗೆ 45 ಆದಾಗ ಮಗಳು ಸೆಕೆಂಡ್ ಪಿಯುಸಿ. ನೀಟೋ ಸಿಇಟಿಯೋ ಯಾವುದೋ ಒಂದರ ಪುಸ್ತಕದ ಗುಡ್ಡೆಯ ಹಿಂದೆ ಕೂತಿರುತ್ತಾಳೆ. ಮಗ ಐದನೆಯದೋ ಆರನೆಯದೋ. ಒಬ್ಬಳು ಮನೆ ಬಿಟ್ಟು ಕದಲುವಂತಿಲ್ಲ, ಇನ್ನೊಬ್ಬನನ್ನು ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ನೌಕರಿ ಬಿಟ್ಟು ಮನೆಯಲ್ಲಿರುವ ಅಪ್ಪ, ಟ್ಯೂಷನ್‌ಗೆ ಬಿಟ್ಟು ಬರುವ ಅಪ್ಪ ಆಗುತ್ತಾನೆ, ಅಷ್ಟೇ. ದೇಶ ಸುತ್ತಲಿಕ್ಕೆ ಕುಟುಂಬದ ಇಡೀ ಆಯುಷ್ಯದಲ್ಲಿ ಅತಿ ಕೆಟ್ಟ ವರ್ಷವನ್ನು ಹುಡುಕಿ ಗುರುತು ಹಾಕಿಕೊಂಡಂತಿದೆ ನಿಮ್ಮ ಯೋಜನೆ.

ನನ್ನದೇ ಒಂದು ಮಾತು. ಮಗ ಒಂಬತ್ತು ವರ್ಷದವನಿದ್ದಾಗ ಒಂದು ಭಾನುವಾರ ಮಳಖೇಡಕ್ಕೆ ಕರೆದುಕೊಂಡು ಹೋಗಿದ್ದೆ, ಕೆಲಸದ ನಿಮಿತ್ತ ಹೋದವನು ಜೊತೆಗೆ ಒಯ್ದದ್ದು. ರಾಷ್ಟ್ರಕೂಟರ ರಾಜಧಾನಿ ಇದೇ, ಕವಿರಾಜಮಾರ್ಗ ಹುಟ್ಟಿದ ಊರು ಇದೇ ಅಂದೆ. ಅದು ಅವನಿಗೆ ಬೇಕಿರಲಿಲ್ಲ. ಕೋಟೆಯ ಮೇಲೆ ಹತ್ತಿ, ಕೆಳಗೆ ಕಾಗಿಣಾ ಹೊಳೆ ನೋಡುತ್ತಾ, ಕತ್ತಲಾದರೂ ಇಳಿಯಲೊಲ್ಲ. ಆಮೇಲೆ ನಾನೂ ನಿಮ್ಮ ಹಾಗೆಯೇ ಉಳಿಸಿದೆ, ದೊಡ್ಡ ಪ್ರವಾಸ ದೊಡ್ಡವನಾದ ಮೇಲೆ ಅಂದುಕೊಂಡೆ. ಹದಿನೇಳಕ್ಕೆ ಹಂಪಿಗೆ ಕರೆದೊಯ್ದೆ, ಒಳ್ಳೆಯ ಹೋಟೆಲ್, ಸ್ವಂತ ಕಾರು. ವಿಠ್ಠಲ ದೇವಸ್ಥಾನದ ಕಡೆ ಹೊರಟರೆ, 'ನೀವ್ ಹೋಗ್ಬರ್ರಿ ಪಪ್ಪಾ, ನಾ ಇಲ್ಲೇ ಇರ್ತೀನಿ' ಅಂದ. ಅವನ ತಪ್ಪಲ್ಲ, ಆ ವಯಸ್ಸೇ ಹಾಗೆ.

ಹಾಗಾಗಿ ನನ್ನ ಸಲಹೆ ಒಂದೇ. ನೌಕರಿ ಬಿಡುವುದಕ್ಕೂ ತಿರುಗಾಟಕ್ಕೂ ನೀವು ಹಾಕಿರುವ ಗಂಟನ್ನು ಬಿಚ್ಚಿ. ತಿರುಗಾಟ ಈ ವರ್ಷದಿಂದ. ನಿವೃತ್ತಿ 52ಕ್ಕೆ, ಅದೂ ಅರ್ಧ.

52 ಯಾಕೆ? ನಿಮ್ಮ ಮನೆ ಸಾಲ ನಿಮಗೆ 51 ಆದಾಗ ಮುಗಿಯುತ್ತದೆ. ಮಗನ ಪಿಯುಸಿ ಮುಗಿದು ಅವನಿಗೆ 18 ಆಗಿರುತ್ತದೆ. ಮಗಳ ಡಿಗ್ರಿ ಮುಗಿದಿರುತ್ತದೆ ಅಥವಾ ಕೊನೆಯ ಹಂತದಲ್ಲಿರುತ್ತದೆ. ನಿಮ್ಮ ಶ್ರೀಮತಿಗೆ 49, ಅವರ ಮುಂದೆ ಇನ್ನೂ ಹತ್ತು ವರ್ಷದ ಕೆಲಸ ಇರುತ್ತದೆ, ಅವರಿಗೆ ಬೇಕಿದ್ದರೆ. ಈ 'ಬೇಕಿದ್ದರೆ' ಅನ್ನುವುದನ್ನು ಅವರನ್ನೇ ಕೂರಿಸಿಕೊಂಡು ಕೇಳಿ. ನಿಮ್ಮ ಪತ್ರದಲ್ಲಿ ಅವರ ಸಂಬಳ ಇತ್ತು, ಅವರ ಮಾತು ಒಂದೂ ಇರಲಿಲ್ಲ.

ಲೆಕ್ಕ ನೋಡಿ. ಸೋರಿಕೆಯಿಂದ ಹಿಡಿದ 15,000ದಲ್ಲಿ 5,000 ಸುಕನ್ಯಾಗೆ, 5,000 ತಿರುಗಾಟಕ್ಕೆ, 5,000 ಎಸ್‌ಐಪಿಗೆ. ಎಸ್‌ಐಪಿ 30,000 ಆಯಿತು. ಸಂಬಳ ಏರಿದಂತೆ ಅದನ್ನು ವರ್ಷಕ್ಕೆ ಶೇಕಡಾ 7ರಂತೆ ಏರಿಸಿ. 14 ವರ್ಷಕ್ಕೆ ಅದೊಂದೇ ಸುಮಾರು ಒಂದೂವರೆ ಕೋಟಿ. ಪಿಎಫ್, ಈಗಿರುವ 9 ಲಕ್ಷ, ಗ್ರಾಚ್ಯುಟಿ ಎಲ್ಲ ಕೂಡಿಸಿದರೆ ಎರಡೂ ಮುಕ್ಕಾಲು ಕೋಟಿಯ ಹತ್ತಿರ ಬರುತ್ತೀರಿ. ಗ್ರಾಚ್ಯುಟಿ ಅಂದರೆ ನೌಕರಿ ಬಿಡುವಾಗ ಕಂಪನಿ ಕೊಡುವ ಇಡಿಗಂಟು. ಅದರ ಲೆಕ್ಕ, ಕೊನೆಯ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ನಿಮ್ಮದು 28 ವರ್ಷದ ಸೇವೆ, 20 ಲಕ್ಷದವರೆಗೆ ತೆರಿಗೆ ಇಲ್ಲ. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಬಂದ ದಿನ ಕಾರು ಕೊಳ್ಳುತ್ತಾರೆ.

52ಕ್ಕೆ ಇವತ್ತಿನ 55,000 ಅಂದರೆ ಆಗಿನ 1,24,000. ಆಗ ದಾಟಿಸಬೇಕಾದ ವರ್ಷಗಳು ಕಡಿಮೆ, 33ರ ಬದಲು 30 ಪಟ್ಟು ಹಿಡಿಯೋಣ. ಪೂರ್ತಿ ಕೈ ಬಿಟ್ಟರೆ ಅದಕ್ಕೆ ನಾಲ್ಕೂವರೆ ಕೋಟಿ ಬೇಕು. ಅಷ್ಟು ನಿಮ್ಮಲ್ಲಿ ಇರುವುದಿಲ್ಲ. ಆದರೆ ಶ್ರೀಮತಿಯವರ ಸಂಬಳ ಆಗ 50,000 ಆಗಿರುತ್ತದೆ ಅಂದುಕೊಂಡರೆ ಉಳಿದ 74,000ಕ್ಕೆ ಎರಡೂ ಮುಕ್ಕಾಲರಿಂದ ಮೂರು ಕೋಟಿ ಸಾಕು. ಗಡಿ ಮುಟ್ಟುತ್ತೀರಿ, ದಾಟುವುದಿಲ್ಲ. ಮಗನ ಕಾಲೇಜಿನ ಖರ್ಚೂ ಅಲ್ಲೇ ಬಂದು ನಿಲ್ಲುತ್ತದೆ. ಆ ಕೊರತೆ ತುಂಬಲು ನಿಮ್ಮ ಕೈಯಲ್ಲೇ ವಿದ್ಯೆ ಇದೆ. ಸಿಮೆಂಟ್ ಕಾರ್ಖಾನೆಗಳು ಸಾಮಾನ್ಯವಾಗಿ ಬೇಡಿಕೆ ಇಳಿಯುವ ಮಳೆಗಾಲ ನೋಡಿ ಕಿಲ್ನ್ (ಸುಣ್ಣದಕಲ್ಲು ಸುಡುವ ದೊಡ್ಡ ಗೂಡು) ನಿಲ್ಲಿಸಿ ರಿಪೇರಿಗೆಂದು ಶಟ್‌ಡೌನ್ ಮಾಡುತ್ತವೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಕೆಲವು ವಾರಗಳಿಗೆ ಅನುಭವಿಗಳ ಬರ ಇರುತ್ತದೆ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಸುತ್ತ ಇರುವ ಕಾರ್ಖಾನೆಗಳನ್ನು ಎಣಿಸಿ. ವರ್ಷಕ್ಕೆ ಎರಡು ಶಟ್‌ಡೌನ್ ಗುತ್ತಿಗೆ ಹಿಡಿದರೆ ಉಳಿದ ಹತ್ತು ತಿಂಗಳು ನಿಮ್ಮವು. ಅರ್ಧ ನಿವೃತ್ತಿ ಅಂದದ್ದು ಇದಕ್ಕೆ. ಈಗಿನಿಂದಲೇ ಗುತ್ತಿಗೆದಾರರ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳಿ, ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರವಾನಗಿ ಇಲ್ಲದಿದ್ದರೆ ಮಾಡಿಸಿಕೊಳ್ಳಿ.

ಹೊಲದ ಬಗ್ಗೆ ಸ್ವಲ್ಪ ಕಠಿಣವಾಗಿ ಮಾತಾಡುತ್ತೇನೆ. ನಮ್ಮದು ತೊಗರಿ ಕಣಜ, 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು. ಹೆಮ್ಮೆ ಸರಿ, ಆದರೆ ಹೆಮ್ಮೆ ಕಂತು ಕಟ್ಟುವುದಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಒಣಬೇಸಾಯದಲ್ಲಿ ಒಳ್ಳೆಯ ಮಳೆಯ ವರ್ಷ ಎಕರೆಗೆ ನಾಲ್ಕು ಕ್ವಿಂಟಲ್ ಹಿಡಿದರೆ ನಾಲ್ಕು ಎಕರೆಗೆ 1,28,000, ಅದೂ ಖರ್ಚು ಕಳೆಯುವ ಮೊದಲು. ಬೀಜ, ಗೊಬ್ಬರ, ಔಷಧಿ, ಕಟಾವು, ರಾಶಿ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅಂತ ನಿಮ್ಮ ಅಣ್ಣತಮ್ಮಂದಿರನ್ನು ಕೇಳಿ. ಜೂನ್, ಜುಲೈಗೆ ಬಿತ್ತಿದ್ದು ಡಿಸೆಂಬರ್, ಜನವರಿಗೆ ಕೈಗೆ ಬರುವವರೆಗೆ ಮಳೆ ಹೆಚ್ಚಾದರೆ ಒಂದು ಭಯ, ಕಡಿಮೆಯಾದರೆ ಇನ್ನೊಂದು, ನೆಟೆ ರೋಗ ಬಿದ್ದರೆ ಮೂರನೆಯದು. ಇದನ್ನು ನಿವೃತ್ತಿಯ ಆದಾಯ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ. ಇನ್ನೊಂದು: ಹೊಲ ಮಾಡುವವನು ಮತ್ತು ದೇಶ ಸುತ್ತುವವನು ಒಬ್ಬನೇ ಆಗಲು ಬರುವುದಿಲ್ಲ. ಹೂವಾಡುವ ಹೊತ್ತಿಗೆ ಔಷಧಿ ಹೊಡೆಯುವ ದಿನ ನೀವು ಶಿಮ್ಲಾದಲ್ಲಿದ್ದರೆ ಹುಳ ನಿಮಗಾಗಿ ಕಾಯುವುದಿಲ್ಲ. ಪಾಲಿಗೆ ಕೊಡಿ, ಬಂದದ್ದು ಮನೆಯ ಬೇಳೆಗೆ ಮತ್ತು ಹಬ್ಬಕ್ಕೆ. ಆದರೆ ಪಹಣಿ ಇನ್ನೂ ತಂದೆಯವರ ಹೆಸರಲ್ಲೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಪಾಲು ಪ್ರಕಾರ ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು) ಮಾಡಿಸಿಕೊಳ್ಳಿ. ಅವ್ವ ಗಟ್ಟಿಯಾಗಿ ಕೂತು ಎಲ್ಲರೆದುರು ಹೇಳುವ ಸ್ಥಿತಿಯಲ್ಲಿರುವಾಗ ಇದು ಒಂದು ದಿನದ ಮಾತು, ಆಮೇಲೆ ಕೋರ್ಟಿನ ಮಾತು.

ಮಕ್ಕಳ ಓದಿನ ಖರ್ಚಿನ ವಿಷಯದಲ್ಲಿ ಈ ಭಾಗದವರಾದ ನಮಗೆ ಒಂದು ಅನುಕೂಲ ಇದೆ. ನಿವೃತ್ತಿಯ ಲೆಕ್ಕ ಹಾಕುವ ಬೆಂಗಳೂರಿನ ಸಲಹೆಗಾರರು ಅದನ್ನು ಹೇಳುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ಕೆಳಗೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸೀಟು ಈ ಭಾಗದ ಮಕ್ಕಳಿಗೆ ಮೀಸಲು. ಮೆರಿಟ್ ಮೇಲೆ ಸರ್ಕಾರಿ ಸೀಟು ಸಿಗುವುದಕ್ಕೂ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದಕ್ಕೂ ನಡುವಿನ ವ್ಯತ್ಯಾಸ ಕೆಲವೊಮ್ಮೆ ನಿಮ್ಮ ಐದು ವರ್ಷದ ಉಳಿತಾಯ. ಪಿಯುಸಿ ಮುಗಿಯುವ ಮೊದಲೇ ಇಬ್ಬರ ಅರ್ಹತಾ ಪತ್ರವನ್ನೂ ಸಹಾಯಕ ಆಯುಕ್ತರ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ, ಜೂನ್‌ನಲ್ಲಿ ಓಡಾಡಬೇಡಿ. ಕಾಲೇಜಿಗಾಗಿ ನಿವೃತ್ತಿಯ ಗಂಟಿಗೆ ಕೈ ಹಾಕುವುದಕ್ಕಿಂತ ಶಿಕ್ಷಣ ಸಾಲ ಮೇಲು, ಓದಿಗೆ ಸಾಲ ಕೊಡುವವರಿದ್ದಾರೆ, ಮುದಿತನಕ್ಕೆ ಸಾಲ ಕೊಡುವವರಿಲ್ಲ.

ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ನೀವು ನೌಕರಿ ಬಿಟ್ಟಾಗ ಹೋಗುತ್ತದೆ. 52ಕ್ಕೆ, ಬಿಪಿಯೋ ಶುಗರೋ ಬಂದ ಮೇಲೆ ಹೊಸ ಪಾಲಿಸಿ ಕೇಳಿಕೊಂಡು ಹೋಗುವುದಕ್ಕಿಂತ ಈಗಲೇ ನಾಲ್ವರಿಗೂ ಸೇರಿ ಒಂದು ಸ್ವಂತ ಫ್ಯಾಮಿಲಿ ಫ್ಲೋಟರ್ ತೆಗೆದುಕೊಳ್ಳಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯಿಸುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಪಾಲಿಸಿ ತೆಗೆದುಕೊಳ್ಳುವಾಗ ನಗದುರಹಿತ ಆಸ್ಪತ್ರೆಗಳ ಪಟ್ಟಿಯಲ್ಲಿ ಕಲಬುರಗಿ ಮಾತ್ರ ನೋಡಬೇಡಿ. ಗಂಭೀರ ಕಾಯಿಲೆ ಬಂದರೆ ನಮ್ಮವರು ಓಡುವುದು ಸೊಲ್ಲಾಪುರಕ್ಕೆ, ಇಲ್ಲ ಹೈದರಾಬಾದಿಗೆ. ಅಲ್ಲಿಯ ಆಸ್ಪತ್ರೆಗಳ ಹೆಸರು ಇದೆಯೇ ನೋಡಿ. ಶುಗರ್ ಇದೆ ಅನ್ನುವುದನ್ನು ಮುಚ್ಚಿಟ್ಟು ಅವ್ವನಿಗೆ ಪಾಲಿಸಿ ಮಾಡಿಸುವ ಏಜೆಂಟರಿದ್ದಾರೆ, ಅಂಥವರನ್ನು ಮನೆ ಬಾಗಿಲಿಂದಲೇ ಕಳಿಸಿ. ಅವ್ವನ ಪಾಲಿಸಿ ಬೇರೆಯಾಗಿರಲಿ. ಕಂತು ತೀರಾ ಭಾರವಾದರೆ ಅವರ ಹೆಸರಲ್ಲಿ ಐದು ಲಕ್ಷದ ಒಂದು ಎಫ್‌ಡಿ ಇಟ್ಟು ಮುಟ್ಟದಿರಿ. ನಿಮ್ಮ ಮೇಲೆ ಒಂದೂವರೆ ಕೋಟಿಯ ಟರ್ಮ್ ವಿಮೆ (ಅವಧಿಯೊಳಗೆ ಜೀವ ಹೋದರೆ ಮಾತ್ರ ದುಡ್ಡು ಬರುವಂಥದ್ದು), 55ರವರೆಗೆ ಸಾಕು. ಎಲ್‌ಐಸಿಯ ವಿಮೆ, ಉಳಿತಾಯ ಎರಡೂ ಬೆರೆಸಿದ ಹಳೆ ಎಂಡೋಮೆಂಟ್ ಪಾಲಿಸಿ ಇದ್ದರೆ ಅದನ್ನು ವಿಮೆ ಎಂದು ಎಣಿಸಬೇಡಿ, ಉಳಿತಾಯ ಎಂದೂ ಎಣಿಸಬೇಡಿ, ಮುಗಿಯುವವರೆಗೆ ಸುಮ್ಮನೆ ಕಟ್ಟಿ.

ಪಿಎಫ್ ಜೊತೆಗೆ ಬರುವ ಪಿಂಚಣಿಯ ಮೇಲೆ ಆಸೆ ಬೇಡ. ಹತ್ತು ವರ್ಷದ ಸೇವೆ ಆಗಿರುವುದರಿಂದ ನೀವು ಅರ್ಹರು. ಆದರೆ ಅದರ ಸೂತ್ರ 15,000ದ ಮಿತಿಯ ಸಂಬಳಕ್ಕೆ ಕಟ್ಟಿಹಾಕಿದ್ದು. 28 ವರ್ಷ ದುಡಿದರೂ 58ಕ್ಕೆ ತಿಂಗಳಿಗೆ ಆರು ಸಾವಿರದ ಆಸುಪಾಸು ಬರುತ್ತದೆ. 50 ದಾಟಿದ ಮೇಲೆ ಮೊದಲೇ ಬೇಕೆಂದರೆ ವರ್ಷಕ್ಕೆ ಶೇಕಡಾ 4ರಂತೆ ಕಡಿತ. ಇರಲಿ, ಅವ್ವನ ಔಷಧಿಯಷ್ಟಾದರೂ ಆದೀತು.

ಇನ್ನು ನೌಕರಿ ಬಿಡುವ ವರ್ಷದ ಅಪಾಯ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9,000ದ ಕೆಳಗಿತ್ತು. 2020ರ ಮಾರ್ಚ್ 23ರಂದು ಒಂದೇ ದಿನ ಶೇಕಡಾ 13 ಬಿತ್ತು. ಸಂಬಳ ಬರುತ್ತಿದ್ದವರಿಗೆ ಅದು ಸೋವಿಯಾಗಿ ಯೂನಿಟ್ ಸಿಕ್ಕ ವರ್ಷ. ಅದೇ ವರ್ಷ ನೌಕರಿ ಬಿಟ್ಟು, ಮನೆ ಖರ್ಚಿಗೆ ಯೂನಿಟ್ ಮಾರಬೇಕಾದವರಿಗೆ ಬಿತ್ತನೆಯ ಬೀಜವನ್ನೇ ಕುಟ್ಟಿ ತಿಂದಂತೆ. ಆದ್ದರಿಂದ 49ರಿಂದಲೇ ಒಂದಿಷ್ಟನ್ನು ಶೇರಿನಿಂದ ಇಳಿಸುತ್ತಾ, 52ರ ಹೊತ್ತಿಗೆ ಮೂರು ವರ್ಷದ ಮನೆ ಖರ್ಚು ಬ್ಯಾಂಕ್ ಎಫ್‌ಡಿ ಮತ್ತು ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಯಲ್ಲಿ ಇರುವಂತೆ ನೋಡಿಕೊಳ್ಳಿ. ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷ ಇಡಬಹುದು, ಈಗಿನ 7.4 ಬಡ್ಡಿಯಲ್ಲಿ ತಿಂಗಳಿಗೆ 9,250 ಬರುತ್ತದೆ. 14 ವರ್ಷದ ಮೇಲೆ ದರ ಎಷ್ಟೇ ಇರಲಿ, ಪದ್ಧತಿ ಇದೇ.

ಈಗ ನನಗೆ ಖುಷಿಯ ಭಾಗ, ಆ ತಿಂಗಳಿಗೆ 5,000. ವರ್ಷಕ್ಕೆ 60,000. ಇದು ಸೋರಿಕೆಯಿಂದ ಹಿಡಿದ ದುಡ್ಡು, ನಿವೃತ್ತಿಯ ಗಂಟಿನಿಂದ ತೆಗೆದದ್ದಲ್ಲ, ಹಾಗಾಗಿ ತಪ್ಪಿತಸ್ಥ ಭಾವ ಬೇಡ. ಎಸ್‌ಎಸ್‌ಎಲ್‌ಸಿ ಹಿಂದಿನ ಬೇಸಿಗೆ ಟ್ಯೂಷನ್ ಪಾಲು ಅಂತ ಬಿಟ್ಟರೆ, ನಿಮ್ಮ ಮಗಳ ಜೊತೆ ನಿಮಗೆ ಉಳಿದಿರುವುದು ಈ ಬೇಸಿಗೆಯೂ ಸೇರಿ ಐದು ಬೇಸಿಗೆ ರಜೆ ಮತ್ತು ಐದು ದಸರಾ ರಜೆ. ಬೆರಳಲ್ಲಿ ಎಣಿಸುವಷ್ಟು. ಶ್ರೀಮತಿ ಟೀಚರ್ ಆದ್ದರಿಂದ ಅವರ ರಜೆ, ಮಕ್ಕಳ ರಜೆ ಒಂದೇ. ರಜೆ ಹಾಕಬೇಕಾದವರು ನೀವೊಬ್ಬರೇ. ಹೋದ ವರ್ಷ ನಿಮ್ಮ ಗಳಿಕೆ ರಜೆ ಎಷ್ಟು ಉಳಿಯಿತು, ಎಷ್ಟನ್ನು ದುಡ್ಡಿಗೆ ಮಾರಿದಿರಿ? ಮಳೆಗಾಲದ ಶಟ್‌ಡೌನ್‌ಗೂ ಏಪ್ರಿಲ್-ಮೇ ರಜೆಗೂ ಡಿಕ್ಕಿ ಇಲ್ಲ. ಬೇಸಿಗೆಗೆ ಹತ್ತು ದಿನ, ದಸರಾಕ್ಕೆ ಐದು ದಿನ ವರ್ಷದ ಶುರುವಿಗೇ ಮೇಲಿನವರ ಹತ್ತಿರ ಹೇಳಿಟ್ಟುಬಿಡಿ.

ಕಲಬುರಗಿ ಮುಂಬೈ-ಚೆನ್ನೈ ಹಳಿಯ ಮೇಲಿರುವ ಊರು, ಈ ಭಾಗ್ಯ ದೊಡ್ಡ ದೊಡ್ಡ ಪಟ್ಟಣಗಳಿಗೆ ಇಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಭೋಪಾಲ್, ಆಗ್ರಾ, ದೆಹಲಿ. ಕೋಣಾರ್ಕ್ ಎಕ್ಸ್‌ಪ್ರೆಸ್ ಭುವನೇಶ್ವರಕ್ಕೆ ಒಯ್ಯುತ್ತದೆ, ಅಲ್ಲಿಂದ ಪುರಿ ಹತ್ತಿರ. ಬಸವ ಎಕ್ಸ್‌ಪ್ರೆಸ್ ಮೈಸೂರಿಗೆ. ಎಲ್ಲೂ ರೈಲು ಬದಲಿಸಬೇಕಿಲ್ಲ. ಮಗನಿಗೆ ಐದು ತುಂಬುವವರೆಗೆ ಬರ್ತ್ ಕೇಳದಿದ್ದರೆ ಟಿಕೆಟ್ಟೂ ಇಲ್ಲ. ಮಗಳಿಗೆ ಬರ್ತ್ ಬೇಕೆಂದರೆ ಪೂರಾ ದರ, ಹನ್ನೆರಡರೊಳಗಿನವರಿಗೆ ಅರ್ಧ ದರ ಬರ್ತ್ ಬೇಡ ಅಂದವರಿಗೆ ಮಾತ್ರ. ಹಲವು ಊರು ಸುತ್ತಿ ಹೊರಟಲ್ಲಿಗೇ ಬರುವುದಾದರೆ ಸರ್ಕ್ಯುಲರ್ ಜರ್ನಿ ಟಿಕೆಟ್ ಕೇಳಿ, ಎಂಟು ಕಡೆ ಇಳಿಯಲು ಬಿಡುತ್ತಾರೆ, ಬಿಡಿ ಬಿಡಿ ಟಿಕೆಟ್ಟಿಗಿಂತ ಅಗ್ಗ.

ಈ ಬೇಸಿಗೆಗೇ ದೆಹಲಿ ಬೇಡ, ನಮ್ಮ 42 ಡಿಗ್ರಿ ಬಿಟ್ಟು ಅವರ 44ಕ್ಕೆ ಹೋದಂತಾದೀತು. ಬೇಸಿಗೆಗೆ ಮೈಸೂರು, ಕೊಡಗಿನ ಕಡೆ. ದಸರಾಕ್ಕೆ ಭೋಪಾಲ್, ಸಾಂಚಿ. ಆದರೆ ಸಾಂಚಿಗೆ ಮೊದಲು ಒಂದು ಭಾನುವಾರ ಮಕ್ಕಳನ್ನು ಸನ್ನತಿಗೆ ಕರೆದೊಯ್ಯಿರಿ, ನಿಮ್ಮ ಹೊಲದ ತಾಲ್ಲೂಕೇ. ಅಲ್ಲಿ ಕನಗನಹಳ್ಳಿಯ ಸ್ತೂಪದ ಅವಶೇಷದಲ್ಲಿ, ರಾಣಿಯ ಪಕ್ಕದಲ್ಲಿ ನಿಂತ ರಾಜನ ಕೆತ್ತನೆ ಇದೆ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರೂ ಇದೆ. ಭೀಮೆಯ ದಂಡೆಯಲ್ಲಿ ಅಶೋಕನ ಮುಖ ನೋಡಿದ ಹುಡುಗಿ ಆರು ತಿಂಗಳಾದ ಮೇಲೆ ಸಾಂಚಿಯ ತೋರಣದ ಕೆಳಗೆ ನಿಂತರೆ ಅವಳಿಗೆ ಅದು ಪರಊರಲ್ಲ. ಬೀದರ್‌ಗೆ 2017ರಿಂದ ನೇರ ರೈಲು ಮಾರ್ಗ ಇದೆ, ಕೋಟೆ ಮತ್ತು 1472ರ ಮಹಮೂದ್ ಗವಾನ್ ಮದರಸಾ ಎರಡೂ ಒಂದು ಶನಿವಾರ, ಒಂದು ಭಾನುವಾರದ ಕೆಲಸ. ಶಹಾಪುರದ ಮಲಗಿದ ಬುದ್ಧನ ಗುಡ್ಡ, ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಕೆರೆ, ಇವಕ್ಕೆಲ್ಲ ಪೆಟ್ರೋಲು ಮತ್ತು ಕಟ್ಟಿಕೊಂಡ ಬುತ್ತಿ ಸಾಕು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಎರಡು ದಿನ ಕೆಡುವುದಿಲ್ಲ, ಹೋಟೆಲ್ ಖರ್ಚೂ ಉಳಿಯಿತು.

ಅವ್ವನನ್ನು ಏನು ಮಾಡುವುದು ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಎಲ್ಲ ಪ್ರವಾಸವನ್ನೂ ತಡೆದಿರುತ್ತದೆ ಅಂತ ನನ್ನ ಊಹೆ. ಕೊಡಗಿನ ಹತ್ತು ದಿನಕ್ಕೆ ಅಣ್ಣನದೋ ತಂಗಿಯದೋ ಮನೆ ಇರಲಿ, ಮೊದಲೇ ಮಾತಾಡಿಟ್ಟುಕೊಳ್ಳಿ. ಆದರೆ ವರ್ಷದಲ್ಲಿ ಒಂದು ಪ್ರವಾಸ ಅವ್ವ ಹೇಳಿದ ಊರಿಗೆ. ಗಾಣಗಾಪುರ ನೋಡಿರುತ್ತಾಳೆ. ಪಂಢರಪುರ ಅನ್ನಬಹುದು, ಶ್ರೀಶೈಲ ಅನ್ನಬಹುದು. ಕಾಯ್ದಿರಿಸುವುದು ಈಗ 60 ದಿನ ಮೊದಲು ಮಾತ್ರ, 120 ಅಲ್ಲ. ಟಿಕೆಟ್ ಮಾಡಿಸುವಾಗ ಎಲ್ಲರ ಹೆಸರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಹಾಕಿಬಿಟ್ಟರೆ ಹಿರಿಯ ನಾಗರಿಕರ ಲೋಯರ್ ಬರ್ತ್ ಕೋಟಾ ಸಿಗುವುದಿಲ್ಲ. ಅವ್ವನ ಟಿಕೆಟ್ ಒಂದನ್ನು ಬೇರೆಯಾಗಿ, ಆ ಕೋಟಾದಲ್ಲಿ ಮಾಡಿಸಿ. ಉಳಿದವರ ಬರ್ತ್ ಬೇರೆ ಬೋಗಿಯಲ್ಲಿ ಬಂದರೆ ಮಗಳನ್ನು ಅಜ್ಜಿಯ ಹತ್ತಿರ ಕೂರಿಸಿ, ರಾತ್ರಿಯಾದ ಮೇಲೆ ಟಿಸಿಯನ್ನು ಕೇಳಿ ಬದಲಿಸಿಕೊಂಡರಾಯಿತು.